ಮುಕ್ಕಾಲು ಯೂನಿಟ್

ಶಹಾಪುರದಿಂದ ಮಿಶಿಗನ್ನಿಗೆ ಬರುವಾಗ ಅಪ್ಪ ಮೂರು ಧೋತರ, ಒಂದು ಮಂಕಿ ಟೋಪಿ, ಒಂದು ಟಾಂಗ್ ಟೆಸ್ಟರ್ ತಂದಿದ್ದ. ಉಳಿದ ಶಹಾಪುರವೆಲ್ಲ ಅವ್ವನ ಬ್ಯಾಗಿನಲ್ಲಿತ್ತು: ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಒಣಗಿಸಿದ ಪುಂಡಿಪಲ್ಯ, ಚರಬಸವೇಶ್ವರನ ಗುಡಿಯ ವಿಭೂತಿ. ಟಾಂಗ್ ಟೆಸ್ಟರ್ ಯಾಕಪ್ಪಾ ಅಂದರೆ, "ನಿಮ್ಮನಿ ವೈರಿಂಗ್ ಹ್ಯಾಂಗದೋ ಏನೋ" ಅಂದ.

ಅಪ್ಪ ಲೈನ್‌ಮನ್. ನಿವೃತ್ತನಾಗಿ ಸುಮಾರು ವರ್ಷವಾಯಿತು, ಆದರೂ ಲೈನ್‌ಮನ್ ಆಗಿದ್ದ ಅನ್ನುವ ಹಾಗಿಲ್ಲ. ಕೆಇಬಿಗೆ ಸೇರಿ ಜೆಸ್ಕಾಂನಿಂದ ಹೊರಬಂದವನು. ಗುಲಬರ್ಗಾ ಜಿಲ್ಲೆಯಲ್ಲಿ ಕಂಬ ಹತ್ತಿ ಯಾದಗಿರಿ ಜಿಲ್ಲೆಯಲ್ಲಿ ಇಳಿದವನು. (2009ರ ಡಿಸೆಂಬರ್ 30ಕ್ಕೆ ಜಿಲ್ಲೆ ಬೇರೆಯಾಯಿತು. ಕಂಬ ಇದ್ದಲ್ಲೇ ಇತ್ತು.) ಅರ್ಧ ಸರ್ವೀಸು ಲೈನ್ ಎಳೆಯುವುದರಲ್ಲಿ ಕಳೆದರೆ ಇನ್ನರ್ಧ ಕೊಂಡಿ ಬಿಚ್ಚುವುದರಲ್ಲಿ. ಕೊಂಡಿ ಅಂದರೆ ಗೊತ್ತಲ್ಲ, ಕತ್ತಲಾದ ಮೇಲೆ ಗಳಕ್ಕೆ ವೈರು ಕಟ್ಟಿ, ಮೇಲಿನ ತಂತಿಗೆ ಸಿಕ್ಕಿಸಿ, ರಾತ್ರಿಯೆಲ್ಲ ಪಂಪ್ ಓಡಿಸಿ, ಕೋಳಿ ಕೂಗುವುದರೊಳಗೆ ತೆಗೆದು ಮೇವಿನ ಬಣವೆಯಲ್ಲಿ ಬಚ್ಚಿಡುವ ವಿದ್ಯೆ. ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುವ ದನಿ ಕೇಳಿಯೇ ಎಷ್ಟು ಕೊಂಡಿ ಬಿದ್ದಿವೆ ಅಂತ ಅಪ್ಪ ಹೇಳುತ್ತಿದ್ದನಂತೆ. ಇದಕ್ಕೆ ಸಾಕ್ಷಿ ಅಪ್ಪ ಒಬ್ಬನೇ. ಮಳೆ ಕೈಕೊಟ್ಟ ವರ್ಷ ಮಾತ್ರ ಕೆಲವು ಹೊಲಗಳ ಕಡೆ ಅವನಿಗೆ ಕಿವಿ ಮಂದವಾಗುತ್ತಿತ್ತು. ಕೇಳಿದರೆ, "ಆ ಕಡಿ ಹಾದಿ ಛಲೋ ಇರ್ಲಿಲ್ಲ" ಅನ್ನುತ್ತಿದ್ದ.

ನಾವಿರುವುದು ಡೆಟ್ರಾಯಿಟ್ ಮಗ್ಗುಲಿನ ಕ್ಯಾಂಟನ್ನಿನಲ್ಲಿ. ಮನೆಯಲ್ಲಿ ಎರಡು ಗಾಡಿ. ಒಳ್ಳೆಯದನ್ನು ನನ್ನ ಹೆಂಡತಿ ಆಫೀಸಿಗೆ ಒಯ್ಯುತ್ತಾಳೆ. ಇನ್ನೊಂದು 2006ರ ವ್ಯಾನು, ಅವ್ವ ಅಪ್ಪನನ್ನು ಗುಡಿಗೆ, ಪಂಪ ಕನ್ನಡ ಕೂಟದ ಕಾರ್ಯಕ್ರಮಕ್ಕೆ ಕರೆದೊಯ್ಯಲು. ಡಿಸೆಂಬರಿನ ಒಂದು ಬೆಳಿಗ್ಗೆ ಕೀಲಿ ತಿರುವಿದರೆ ಟಿಕ್ ಟಿಕ್ ಟಿಕ್ ಅಂದು ಸುಮ್ಮನಾಯಿತು. "ಬ್ಯಾಟ್ರಿ ಕುಂತದ" ಎಂದು ಅಪ್ಪ ಹಿಂದಿನ ಸೀಟಿನಿಂದಲೇ ಘೋಷಿಸಿದ. "ನಾಕ ಮಂದಿ ಕರಿ, ದಬ್ಬಮು."

ಆಟೊಮ್ಯಾಟಿಕ್ ಗೇರಿನ ಗಾಡಿ ದಬ್ಬಿದರೆ ಚಾಲೂ ಆಗುವುದಿಲ್ಲ ಎಂದು ಅಪ್ಪನಿಗೆ ತಿಳಿಹೇಳಲು ಒಂದು ತಾಸು ಹಿಡಿಯಿತು. ಕ್ಲಚ್ ಇದ್ದರೆ ಗಾಲಿ ಇಂಜಿನ್ನನ್ನು ತಿರುಗಿಸುತ್ತದೆ. ಇಲ್ಲಿ ನಡುವೆ ಇರುವುದು ಎಣ್ಣೆ, ಅದಕ್ಕೆ ಒತ್ತಡ ಕೊಡುವ ಪಂಪು ಓಡಬೇಕಾದರೆ ಇಂಜಿನ್ನೇ ಮೊದಲು ಓಡಬೇಕು. "ಅಂದ್ರ ದಬ್ಬಾಕೂ ಬರಂಗಿಲ್ಲ, ಹ್ಯಾಂಡಲ್ ಹೊಡಿಲಾಕೂ ಬರಂಗಿಲ್ಲ. ಎಂಥಾ ಗಾಡಿ ತಗೊಂಡಿ ತಮ್ಮಾ!" ಹ್ಯಾಂಡಲ್ ಹೊಡೆದು ಕಾರು ಎಬ್ಬಿಸುವ ಕಷ್ಟ ತಪ್ಪಿಸಲು ಚಾರ್ಲ್ಸ್ ಕೆಟರಿಂಗ್ ಮಾಡಿದ ಎಲೆಕ್ಟ್ರಿಕ್ ಸ್ಟಾರ್ಟರ್ ಕೂತದ್ದು ಇದೇ ಡೆಟ್ರಾಯಿಟ್‌ನ ಕ್ಯಾಡಿಲಾಕ್ ಕಾರಿನಲ್ಲಿ, 1912ರಲ್ಲಿ. ಅಂದಿನಿಂದ ಲೋಕವೆಲ್ಲ ಬ್ಯಾಟರಿಯ ಮುಂದೆ ಕೈಕಟ್ಟಿ ನಿಂತಿದೆ ಎಂದು ವಿವರಿಸಿದೆ. ಅಪ್ಪ ಮಂಕಿ ಟೋಪಿ ಸರಿಪಡಿಸಿಕೊಂಡ.

ಗ್ಯಾರೇಜಿನವನು ಐದು ನಿಮಿಷ ನೋಡಿ, ಚಳಿಗೆ ಹಳೇ ಬ್ಯಾಟರಿ ತಡೆಯಲಿಲ್ಲ ಎಂದು ಹೊಸದು ಹಾಕಿಕೊಟ್ಟ. ಮಾತು ಪೂರ್ತಿ ಸುಳ್ಳಲ್ಲ. ಬ್ಯಾಟರಿಯ ಆಯುಷ್ಯ ತಿನ್ನುವುದು ಬಿಸಿಲು, ನಮ್ಮ ಶಹಾಪುರದಂಥ ನಲವತ್ತು ದಾಟಿದ ಬಿಸಿಲು. ಚಳಿ ಬರೀ ಲೆಕ್ಕ ಕೇಳಲು ಬರುವ ಸಾಹುಕಾರ. ಒಳಗಿನ ರಸಾಯನ ಮಂದವಾಗಿ ಕೊಡುವ ಶಕ್ತಿ ಇಳಿಯುತ್ತದೆ, ಅದೇ ಹೊತ್ತಿಗೆ ಗಟ್ಟಿಯಾದ ಇಂಜಿನ್ ಎಣ್ಣೆ ಹೆಚ್ಚು ಶಕ್ತಿ ಬೇಡುತ್ತದೆ.

ಹೊಸ ಬ್ಯಾಟರಿ ನಾಲ್ಕನೇ ದಿನ ಕೂತಿತು. ಅವತ್ತು ಎಳ್ಳಮಾಸಿ. ಅವ್ವ ನಸುಕಿನಲ್ಲೇ ಎದ್ದು ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಶೇಂಗಾ ಹೋಳಿಗೆ ಮಾಡಿ ಬುತ್ತಿ ಕಟ್ಟಿದ್ದಳು. ಊರ ಹೊರಗೆ ಯಾರದೋ ಮೆಕ್ಕೆಜೋಳದ ಹೊಲ ನೋಡಿಟ್ಟಿದ್ದಳು, ಅದರ ಅಂಚಿಗೆ ಚರಗ ಚೆಲ್ಲುವ ಆಸೆ. ಗಾಡಿ ಟಿಕ್ ಟಿಕ್ ಅಂದಿತು. ಕಡೆಗೆ ಹಿತ್ತಲ ಹಿಮದ ಮೇಲೆಯೇ ಚರಗ ಬಿತ್ತು. ಎರಡು ಅಳಿಲು ಬಂದು ಭಜ್ಜಿ ಪಲ್ಯ ಮೂಸಿ, ಸಜ್ಜಿ ರೊಟ್ಟಿ ಹೊತ್ತುಕೊಂಡು ಓಡಿದವು.

"ಕಳ್ಳನ್ನ ಮನ್ಯಾಗ ಇಟಗೊಂಡು ಕಣಜ ಬದಲಿ ಮಾಡಿದಿ" ಎಂದ ಅಪ್ಪ ಊಟವಾದ ಮೇಲೆ. "ಗಾಡಿ ನಿಂತಾಗ ಯಾರೋ ಕುಡೀಲಕತ್ತಾರ. ಕೊಂಡಿ ಬಿದ್ದದ." ಅವನಿಗೆ ಎಂಟು ಹತ್ತು ವರ್ಷ ವಯಸ್ಸು ಇಳಿದಂತಿತ್ತು.

ಮೊದಲು ಟಾಂಗ್ ಟೆಸ್ಟರ್ ಹೊರಬಂತು. ಬಾಯಿ ತೆರೆದು ಕೇಬಲನ್ನು ಕಚ್ಚಿ, ಸೊನ್ನೆ ತೋರಿಸಿತು. ಅಪ್ಪ ಇನ್ನೊಂದು ಕೇಬಲಿಗೆ ಕಚ್ಚಿಸಿದ. ಸೊನ್ನೆ. "ನಿಮ್ಮ ಅಮೆರಿಕಾದಾಗ ಕರಂಟೇ ಇಲ್ಲಲ್ಲೋ!" ಅವನ ಟೆಸ್ಟರು ಕಂಬದ ಮೇಲಿನ ಎಸಿ ಕರೆಂಟಿಗೆ ಹುಟ್ಟಿದ್ದು, ಬ್ಯಾಟರಿಯ ಡಿಸಿ ಅದಕ್ಕೆ ಕಾಣುವುದೇ ಇಲ್ಲ. ನಾನು ಅಂಗಡಿಗೆ ಹೋಗಿ ಒಂದು ಮಲ್ಟಿಮೀಟರ್ ತಂದೆ. ಅಪ್ಪ ಅದನ್ನು ತೂಗಿ ನೋಡಿ, "ಆಟಗಿ ಸಾಮಾನಿದ್ದಂಗದ" ಅಂದ.

ಎರಡನೆಯ ಮಾತಿಲ್ಲದೆ ಅಪ್ಪ ಒಪ್ಪಿದ್ದು ಒಂದೇ ನಿಯಮ: ನೆಗೆಟಿವ್ ಕೇಬಲನ್ನೇ ಮೊದಲು ಬಿಚ್ಚಬೇಕು. ಪಾಸಿಟಿವ್ ಬಿಚ್ಚುವಾಗ ಪಾನಾ ಜಾರಿ ಗಾಡಿಯ ಬಾಡಿಗೆ ತಗುಲಿದರೆ ಕಿಡಿ ಹಾರುತ್ತದೆ. ಬಿಚ್ಚಿದ ಕೇಬಲಿಗೂ ಬ್ಯಾಟರಿಗೂ ನಡುವೆ ಮೀಟರ್ ಕೂಡಿಸಿದರೆ ಗಾಡಿ ಕುಡಿಯುವ ಪ್ರತಿ ಹನಿಯೂ ಅದರೊಳಗಿಂದಲೇ ಹಾಯಬೇಕು. ಹತ್ತು ಆಂಪಿಯರಿನ ತೂತಿಗೆ ವೈರು ಸಿಕ್ಕಿಸಿದೆ. ಮೀಟರ್ 4 ಆಂಪಿಯರ್ ಅಂದಿತು.

"ಅಬ್ಬಬ್ಬಾ! ಇದು ಗಿರಣಿ ಲೋಡಲ್ಲೋ!"

"ಗಾಡಿ ಇನ್ನಾ ಎಚ್ಚರದಾಗದ ಅಪ್ಪಾ. ಬಾಗಿಲಾ ಹಾಕಿದ ಮ್ಯಾಲ ಒಳಗಿನ ಕಂಪ್ಯೂಟರ್ ಒಂದೊಂದಾಗಿ ಮಲಗತಾವ. ಮುಕ್ಕಾಲು ತಾಸು ಬೇಕು."

"ಎಲ್ಲಾ ಮಲಗಬೇಕಾ?"

"ನಮ್ಮೂರ ಗುಡ್ಡದಾಗ ಬುದ್ಧ ಮಲಗ್ಯಾನಲ್ಲ, ಹಂಗ."

ಈ ಹೋಲಿಕೆ ಅಪ್ಪನಿಗೆ ತಟ್ಟನೆ ಹಿಡಿಸಿತು. ಶಹಾಪುರದ ಗುಡ್ಡಸಾಲು ದೂರದಿಂದ ಮಲಗಿದ ಬುದ್ಧನ ಹಾಗೆ ಕಾಣುತ್ತದೆ, ಅವನು ಎದ್ದದ್ದನ್ನು ಈವರೆಗೆ ಯಾರೂ ಕಂಡಿಲ್ಲ. ನಮ್ಮ ವ್ಯಾನಿನ ನಿದ್ದೆ ಅಂಥದ್ದಲ್ಲ. ಒಳಗಿನ ಫ್ಯೂಸ್ ಪೆಟ್ಟಿಗೆ ತಲುಪಲು ಬಾಗಿಲು ತೆರೆದೇ ಇಡಬೇಕು, ಆದರೆ ಮುಚ್ಚಿದೆ ಎಂದು ಗಾಡಿಗೆ ಅನ್ನಿಸಬೇಕು. ಅದಕ್ಕೆ ಬಾಗಿಲಿನ ಲಾಕನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಕೂರಿಸಿದೆವು. ಗ್ಯಾರೇಜಿನಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ. ಅಪ್ಪ ಒಂದು ಕೌದಿ ಹೊದ್ದು, ಬಕೆಟ್ ಬೋರಲು ಹಾಕಿ, ಮೀಟರಿನ ಮುಂದೆ ಕೂತ. ಇಪ್ಪತ್ತು ನಿಮಿಷಕ್ಕೆ 1.6ಕ್ಕೆ ಇಳಿಯಿತು. ಮೂವತ್ತೈದಕ್ಕೆ 0.9. ಅಷ್ಟರಲ್ಲಿ ವ್ಯಾನು "ಪೀಂ" ಎಂದು ಕೂಗಿ, ನಾಲ್ಕೂ ದೀಪ ಮಿಟುಕಿಸಿತು, ಮೀಟರ್ 5ಕ್ಕೆ ಹಾರಿತು. ಒಳಗೆ ಸೋಫಾದ ಮೇಲೆ ನನ್ನ ಮಗ ಕೀಲಿಯ ರಿಮೋಟ್ ಒತ್ತಿದ್ದ.

"ಮುತ್ಯಾ, ಗಾಡಿ ಎದ್ದಿತಾ?" ಎಂದು ಕಿಟಕಿಯಿಂದ ಕೇಳಿದ. ಮತ್ತೆ ಮುಕ್ಕಾಲು ತಾಸು.

ಕೀಲಿಯನ್ನು ಅಕ್ಕಿ ಡಬ್ಬಿಯೊಳಗೆ ಇಟ್ಟು ಬಂದೆ. ಎರಡನೆಯ ಸಲ ನನ್ನ ಹೆಂಡತಿ, "ಮಾವ, ಕಾಫಿ ತಗೊಳ್ಳಿ, ಹೆಪ್ಪುಗಟ್ಟಿ ಹೋಗ್ತೀರ" ಎಂದು ಬಂದವಳು ಕಪ್ ಇಡಲು ಜಾಗ ಹುಡುಕಿ ವ್ಯಾನಿನ ಇನ್ನೊಂದು ಬಾಗಿಲು ತೆರೆದಳು. ಮೈಸೂರಿನವಳು, ಉಪಚಾರ ಬಿಡಲಾರಳು. ಮತ್ತೆ ಮುಕ್ಕಾಲು ತಾಸು. ಮೂರನೆಯ ಸಲ ಗಾಡಿ ನಿಜಕ್ಕೂ ಮಲಗಿತು. ಮೀಟರ್ 0.43ಕ್ಕೆ ಬಂದು ಕಲ್ಲಿನ ಹಾಗೆ ನಿಂತಿತು.

"ನಿದ್ದಿಗಣ್ಣಾಗ ಎಷ್ಟು ಕುಡೀಬೇಕು?"

"0.05ರೊಳಗ ಇರಬೇಕು."

"ಸಿಕ್ಕ ಮಗ."

ಫ್ಯೂಸುಗಳನ್ನು ಒಂದೊಂದಾಗಿ ಕೀಳುವುದು ನನ್ನ ಕೆಲಸ, ಮೀಟರ್ ಓದುವುದು ಅಪ್ಪನದು. ರೇಡಿಯೋ ಕಿತ್ತೆ. "ಹಂಗ ಅದ." ವೈಪರ್. "ಹಂಗ ಅದ." ಹಾರ್ನ್, ಸೀಟು, ಹಿಂದಿನ ಗಾಜು. "ಹಂಗ ಅದ." ಕಂಬದ ಕೆಳಗೆ ನಿಂತು ಮೇಲಿದ್ದವನಿಗೆ ಕೂಗುವ ಅದೇ ದನಿ. ಹದಿನಾಲ್ಕನೆಯದು ಒಳಗಿನ ದೀಪಗಳದು. ಕಿತ್ತ ಕೂಡಲೇ ಅಪ್ಪ ಬಕೆಟ್ ಮೇಲಿಂದ ಎದ್ದುಬಿಟ್ಟ. "ಬಿತ್ತು! ಸೊನ್ನಿ ಪಾಯಿಂಟ್ ಸೊನ್ನಿ ಮೂರು!"

ಫ್ಯೂಸ್ ತಿರುಗಿ ಹಾಕಿ ಗ್ಯಾರೇಜಿನ ದೀಪ ಆರಿಸಿದೆವು. ಒಳಗೆ ಯಾವ ದೀಪವೂ ಉರಿಯುತ್ತಿರಲಿಲ್ಲ. ಅಪ್ಪ ಕೌದಿ ಸಮೇತ ಬಗ್ಗಿ, ಸೀಟಿನ ಎದುರಿನ ಗ್ಲೋವ್ ಬಾಕ್ಸಿನ ಕಡೆ ಬೆರಳು ತೋರಿಸಿದ. ಮುಚ್ಚಳದ ಅಂಚಿನಲ್ಲಿ ಹಳದಿ ದಾರದಂಥ ಒಂದು ಗೆರೆ. ಮುಚ್ಚಳ ಪೂರ್ತಿ ಕೂತಿರಲಿಲ್ಲ, ಒಳಗಿನ ಸ್ವಿಚ್ ಒತ್ತಿರಲಿಲ್ಲ, ಬಲ್ಬು ಹಗಲೂ ರಾತ್ರಿ ಉರಿಯುತ್ತಿತ್ತು.

ತೆರೆದರೆ ಅವ್ವನ ಸಂಸಾರ. ವಾಂತಿ ಬಂದರೆ ಮೂಸಲು ಎರಡು ನಿಂಬೆಹಣ್ಣು, ಹುಣಸೆ ಉಂಡೆ, ಶೇಂಗಾ ಪೊಟ್ಟಣ, ಅಡಿಕೆ ಚೀಲ, ವಿಭೂತಿ ಗಟ್ಟಿ, ಎಲ್ಲದರ ಹಿಂದೆ ಕಟ್ಟು ಹಾಕಿದ ಚರಬಸವೇಶ್ವರನ ಫೋಟೋ. ಬಲ್ಬಿನ ಬೆಳಕು ನೆಟ್ಟಗೆ ಅವನ ಹಣೆಯ ಮೇಲೆ ಬೀಳುತ್ತಿತ್ತು. ಫೋಟೋದ ಕಟ್ಟು ಅರ್ಧ ಇಂಚು ಉದ್ದವಾಗಿ ಮುಚ್ಚಳಕ್ಕೆ ತಾಗುತ್ತಿತ್ತು. ಕೈಗವಸು ಮಾತ್ರ ಅದರಲ್ಲಿ ಒಂದೂ ಇರಲಿಲ್ಲ.

ಅಪ್ಪ ಅವ್ವನನ್ನು ಗ್ಯಾರೇಜಿಗೆ ಕರೆಸಿದ. "ನಂದಾದೀಪ ಹಚ್ಚಿಯಲ್ಲ ನೀ! 5 ವ್ಯಾಟ್ ಬಲ್ಬು, ದಿನಕ್ಕ ಹತ್ತು ಆಂಪಿಯರ್ ತಾಸು. 60ರ ಬ್ಯಾಟ್ರಿ ಎಷ್ಟ ದಿನ ತಡೀತದ?"

"ದೇವರ ಮುಂದ ದೀಪ ಇದ್ರ ತಪ್ಪೇನು?" ಅಂದಳು ಅವ್ವ. "ಮೂವತ್ತ ವರ್ಷ ಊರ ಕಳ್ಳರನ್ನ ಹಿಡದಿ. ಈಗ ನನಗ ಕೇಸ್ ಹಾಕ್ತಿ?"

ಅಪ್ಪ ಮಾತು ಬದಲಿಸಲು ಲೆಕ್ಕಕ್ಕಿಳಿದ. ಹನ್ನೆರಡು ವೋಲ್ಟ್, ಅರವತ್ತು ಆಂಪಿಯರ್ ತಾಸು, ಗುಣಿಸಿದರೆ 720. ಮುಕ್ಕಾಲು ಯೂನಿಟ್ಟೂ ಇಲ್ಲ! ಅವನು ವ್ಯಾನಿನ ಸುತ್ತ ಒಂದು ಸುತ್ತು ಬಂದ. "ಅಲ್ಲಿ ಗೃಹಜ್ಯೋತಿಯೊಳಗ 200 ಯೂನಿಟ್ ತನಕ ಪುಕ್ಕಟ ಅದ. ಇಷ್ಟು ದೊಡ್ಡ ಗಾಡಿ ಮುಕ್ಕಾಲು ಯೂನಿಟ್ಟಿನ ಮ್ಯಾಲ ನಿಂತದಂದ್ರ ಇದಕ್ಕ ಮರ್ಯಾದಿ ಅದ ಏನ್?" ಆಮೇಲೆ ಮೀಟರ್ ನೋಡಿ, "ಈ ಉಳಿದ 0.03 ಯಾರದು?" ಅಂದ. ಗಡಿಯಾರ, ರೇಡಿಯೋದ ನೆನಪು, ಕಳ್ಳರ ಅಲಾರಂ, ರಿಮೋಟಿಗೆ ಕಿವಿಗೊಟ್ಟು ಕೂತ ಡಬ್ಬಿ ಎಂದೆ. "ಹಂಗಾದ್ರ ಅದು ಸ್ಯಾಂಕ್ಷನ್ ಲೋಡು" ಎಂದು ಕೈಬಿಟ್ಟ.

ಚರಬಸವೇಶ್ವರ ಡ್ಯಾಶ್‌ಬೋರ್ಡಿನ ಮೇಲೆ ಬಂದ. ಕತ್ತಲಲ್ಲಿ ಕೂರಿಸಿದಿರಿ ಎಂದು ಅವ್ವ ಮಾರ್ಚಿನಲ್ಲಿ ವಿಮಾನ ಹತ್ತುವವರೆಗೂ ಗೊಣಗಿದಳು.

ಶಹಾಪುರ ಮುಟ್ಟಿದ ಮಾರನೆಯ ದಿನ ಅಪ್ಪನ ಫೋನು. ಆರು ತಿಂಗಳು ನಿಂತ ಸ್ಕೂಟರಿನ ಬ್ಯಾಟರಿ ಕೂತಿತ್ತಂತೆ, ಮೂರನೆಯ ಕಿಕ್ಕಿಗೆ ಚಾಲೂ ಆಯಿತಂತೆ. ಕಿಕ್ ಎಂಬ ಮಾತನ್ನು ಮೂರು ಸಲ ಹೇಳಿದ. ಆಮೇಲೆ, "ನಿನ್ನ ಗಾಡಿ ರೀಡಿಂಗ್ ತಗೊಂಡು ಹೇಳು" ಅಂದ.

ಸಂಜೆ ಮೀಟರ್ ಕೂಡಿಸಿ, ಗಾಡಿ ಮಲಗುವವರೆಗೆ ಕಾದೆ. 0.09. ಬಗ್ಗಿ ನೋಡಿದರೆ ಚಾರ್ಜರ್ ಸಿಕ್ಕಿಸುವ ತೂತಿನಿಂದ ತೆಳ್ಳನೆಯ ವೈರೊಂದು ಹೊರಟು, ಟಿಶ್ಯೂ ಡಬ್ಬಿಯ ಹಿಂದೆ ಹಾದು, ಚರಬಸವೇಶ್ವರನ ಪಾದದ ಬಳಿ ಮುಗಿದಿತ್ತು. ತುದಿಯಲ್ಲಿ ಕಡಲೆಕಾಳಿನಷ್ಟು ಒಂದು ಎಲ್‌ಇಡಿ. ಅಡುಗೆಮನೆಯಲ್ಲಿ ನನ್ನ ಹೆಂಡತಿ ಏನೂ ಅರಿಯದವಳಂತೆ ಸೊಪ್ಪು ಬಿಡಿಸುತ್ತಿದ್ದಳು.

ಫೋನು ಮತ್ತೆ ಬಡಿಯಿತು. "ಎಷ್ಟು ಬಂತು ತಮ್ಮಾ?"

"ಸೊನ್ನಿ ಪಾಯಿಂಟ್ ಸೊನ್ನಿ ಮೂರು" ಅಂದೆ.