ಬಾಳಿಕೆಯ ಪೇಸ್‌ಮೇಕರ್ ಮಾಡಹೊರಟವರಿಗೆ ಒಂದು ಬಿನ್ನಹ

ಮಾನ್ಯ ಎಂಜಿನಿಯರ್ ಮಹಾಶಯರೇ,

ಒಮ್ಮೆ ಎದೆಯಲ್ಲಿಟ್ಟ ಪೇಸ್‌ಮೇಕರ್ ಇಪ್ಪತ್ತು ವರ್ಷವಾದರೂ ನಡೆಯಬೇಕೆಂದು ನೀವು ಹಟ ಹಿಡಿದು ಕೂತಿದ್ದೀರಂತೆ. ಉಪಕರಣ ಮಾರಿ ಬದುಕುವ ನನ್ನಂಥವರ ಹೊಟ್ಟೆಯ ಮೇಲೆ ಹೊಡೆಯಲು ಮನಸ್ಸಾದರೂ ಹೇಗೆ ಬಂತು?

ನಮ್ಮ ವ್ಯಾಪಾರ ಶುರುವಾದ ಬಗೆ ಎಷ್ಟು ಚೆನ್ನಾಗಿತ್ತು ಗೊತ್ತೆ? 1958ರಲ್ಲಿ ಸ್ವೀಡನ್ನಿನ ಆರ್ನೆ ಲಾರ್ಸನ್ ಅವರ ದೇಹದೊಳಗೆ ಜಗತ್ತಿನ ಮೊದಲ ಪೇಸ್‌ಮೇಕರ್ ಇಟ್ಟರು. ಕೆಲವೇ ಗಂಟೆಗಳಲ್ಲಿ ಅದು ನಿಂತೇಹೋಯಿತು. ಆ ಪುಣ್ಯಾತ್ಮ 2001ರವರೆಗೆ ಬದುಕಿ 20ಕ್ಕೂ ಹೆಚ್ಚು ಪೇಸ್‌ಮೇಕರ್ ಹಾಕಿಸಿಕೊಂಡರು. ಗಿರಾಕಿ ಎಂದರೆ ಹಾಗಿರಬೇಕು!

ಅಮೆರಿಕದ ವಿಲ್ಸನ್ ಗ್ರೇಟ್‌ಬ್ಯಾಚ್ ಬಂದು ಎಲ್ಲ ಕೆಡಿಸಿದರು. 1960ರಿಂದ ಬಳಕೆಗೆ ಬಂದ ಅವರ ಪೇಸ್‌ಮೇಕರಿನ ಪಾದರಸದ ಬ್ಯಾಟರಿ ಎರಡು ವರ್ಷಕ್ಕೆಲ್ಲ ಕೈಕೊಡುತ್ತಿತ್ತು. ಅಂದರೆ ಎರಡೆರಡು ವರ್ಷಕ್ಕೆ ಹೊಸ ಆರ್ಡರು! ಮನೆಗೆ ಬಂದ ಲಕ್ಷ್ಮಿಯನ್ನು ಬೇಡವೆಂದು, ಲಿಥಿಯಂ-ಅಯೋಡಿನ್ ಬ್ಯಾಟರಿಯ ಬೆನ್ನು ಹತ್ತಿ, ಅದರ ಆಯುಸ್ಸನ್ನು ಹಲವು ಪಟ್ಟು ಹೆಚ್ಚಿಸಿಬಿಟ್ಟರು. 70ರ ದಶಕದಲ್ಲಿ ಇನ್ನು ಕೆಲವರು ಪ್ಲುಟೋನಿಯಂ ತುಂಬಿದ್ದನ್ನೇ ಮಾಡಿದರು. ರೋಗಿ ಕಣ್ಮುಚ್ಚಿದರೂ ಅದು ಮುಚ್ಚುತ್ತಿರಲಿಲ್ಲ. ಇಂಥ ಅವಿವೇಕ ಉಂಟೆ?

ಈಗ ಹೇಗೋ ಒಂದು ಹದಕ್ಕೆ ಬಂದಿದ್ದೇವೆ. ಮೈಯ ದ್ರವ ಒಳನುಗ್ಗದಿರಲೆಂದು ಬ್ಯಾಟರಿಯನ್ನು ಟೈಟೇನಿಯಂ ಡಬ್ಬಿಯೊಳಗೆ ಬೆಸೆದಿರುತ್ತಾರೆ. ಅದು ಮುಗಿದರೆ ಎದೆಯ ಚರ್ಮ ಮತ್ತೆ ಕೊಯ್ದು ಇಡೀ ಡಬ್ಬಿಯನ್ನೇ ಬದಲಿಸಬೇಕು. ಹಾಗೆ ಬದಲಿಸುವಾಗ ಸೋಂಕಿನ ಅಪಾಯ ಮೊದಲ ಸಲಕ್ಕಿಂತ ಹೆಚ್ಚು, ಒಪ್ಪಿದೆ. ಆದರೆ ಅಪಾಯ ರೋಗಿಯದು, ಬಿಲ್ಲು ಆಸ್ಪತ್ರೆಯದು, ಕಮಿಷನ್ ನಮ್ಮದು. ಇಷ್ಟು ನ್ಯಾಯವಾದ ಪಾಲುಪಟ್ಟಿ ಅಣ್ಣತಮ್ಮಂದಿರಲ್ಲೂ ಆಗುವುದಿಲ್ಲ.

ನಿಮ್ಮ ಸರ್ಕ್ಯೂಟು ಕಡಿಮೆ ಕರೆಂಟು ಕುಡಿಯಬೇಕಂತೆ. ಹೃದಯಕ್ಕೆ ಬೇಕಾದಷ್ಟೇ ವೋಲ್ಟೇಜು ಕೊಡಬೇಕಂತೆ. ಡಬ್ಬಿ ತುಸು ದಪ್ಪಗಾದರೂ ಪರವಾಗಿಲ್ಲವಂತೆ. ಹಾಗಾದರೆ ‘ಇನ್ನೂ ಪುಟ್ಟದು, ಇನ್ನೂ ತೆಳ್ಳನೆಯದು’ ಎಂದು ನಾನು ಹಂಚುವ ಬ್ರೋಷರಿನ ಗತಿಯೇನು? ಒರಳುಕಲ್ಲು ಕಡೆದವನನ್ನು ನೆನೆಸಿಕೊಳ್ಳಿ: ಒಂದೇ ಕಲ್ಲಿನಲ್ಲಿ ಮೂರು ತಲೆಮಾರು ರುಬ್ಬಿಕೊಂಡು ಉಂಡಿತು, ಅವನ ಬಾಗಿಲಿಗೆ ಮತ್ತೆ ಯಾರೂ ಬರಲಿಲ್ಲ.

ನಿಮಗೆ ಈ ಬುದ್ಧಿ ಎಲ್ಲಿಂದ ಬಂತೆಂದೂ ಬಲ್ಲೆ. ಮೈಕೇಲ್ ಪೋರ್ಟರ್, ಎಲಿಜಬೆತ್ ಟೈಸ್‌ಬರ್ಗ್ ಎಂಬ ಪ್ರೊಫೆಸರುಗಳು 2006ರಲ್ಲಿ ಒಂದು ಪುಸ್ತಕ ಬರೆದರು. ಎಷ್ಟು ಚಿಕಿತ್ಸೆ ಮಾಡಿದಿರಿ ಎಂದು ನೋಡಿ ಹಣ ಕೊಡಬೇಡಿ, ಖರ್ಚು ಮಾಡಿದ ಹಣಕ್ಕೆ ರೋಗಿಗೆ ಎಷ್ಟು ಗುಣವಾಯಿತು ನೋಡಿ ಎಂದರು. ರೋಗಿಗೆ ಗುಣವಾಯಿತೇ ಎಂದು ವಿಚಾರಿಸುವುದು! ವ್ಯಾಪಾರದಲ್ಲಿ ಇಂಥ ಖಾಸಗಿ ವಿಷಯ ಕೆದಕಬಹುದೆ?

ನನ್ನ ನಿಜವಾದ ಹೆದರಿಕೆ ಬೇರೆಯೇ. ಬ್ಯಾಟರಿ ಅವಧಿಗೆ ಮುಂಚೆ ಸತ್ತರೆ ಡಬ್ಬಿಯ ಜೊತೆಗೆ ಆಪರೇಷನ್ನಿನ ಖರ್ಚೂ ಕಂಪನಿಯದೇ ಎಂದು ನಾಳೆ ಆಸ್ಪತ್ರೆಗಳು ಕರಾರು ಬರೆಸಿಕೊಂಡರೆ? ಆಗ ನಮ್ಮ ಸಾಹೇಬರೇ ನಿಮ್ಮ ಕಾಲಿಗೆ ಬಿದ್ದು, ‘ಇನ್ನೈದು ವರ್ಷ ಹೆಚ್ಚು ಬಾಳುವ ಹಾಗೆ ಮಾಡಿ ಸ್ವಾಮಿ’ ಎಂದು ಬೇಡಿಕೊಳ್ಳುತ್ತಾರೆ. ರೋಗಿಯ ಲಾಭವೂ ನಮ್ಮ ಲಾಭವೂ ಒಂದೇ ಆಗಿಬಿಡುವ ಅಂಥ ದುರ್ದಿನವನ್ನು ದಯಮಾಡಿ ತರಬೇಡಿ.

ಇಂತಿ,
ಈ ತಿಂಗಳ ಟಾರ್ಗೆಟ್ ಮುಟ್ಟಲೇಬೇಕಾದ ಒಬ್ಬ ಮಾರಾಟ ಪ್ರತಿನಿಧಿ