ಬರದ ಕೊಡ್ರಿ

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಂಥ ಊರಲ್ಲಿ ಒಬ್ಬ ಅಪೀಲು ಕಾಕಾ ಇದ್ದೇ ಇರುತ್ತಾನೆ. ವಕೀಲನಲ್ಲ, ಏಜೆಂಟನೂ ಅಲ್ಲ; ಏಜೆಂಟನಾಗಿದ್ದರೆ ಇಷ್ಟೊತ್ತಿಗೆ ಮನೆಗೆ ಇನ್ನೊಂದು ಮಹಡಿ ಏಳುತ್ತಿತ್ತು. ಕಂಕುಳಲ್ಲಿ ದಾರ ಸುತ್ತಿದ ರಟ್ಟಿನ ಫೈಲು, ಕಿಸೆಯಲ್ಲಿ ಎರಡು ಪೆನ್ನು. ಒಂದು ತನಗೆ, ಇನ್ನೊಂದು 'ಪೆನ್ನಿಲ್ಲ' ಎನ್ನುವ ಗುಮಾಸ್ತನಿಗೆ.

ಬಾಯಿಮಾತಿನಲ್ಲಿ 'ಆಗೂದಿಲ್ಲ' ಅಂದರೆ ಕಾಕಾ ಅದನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಿಂಬರಹ ಬೇಕು, ಅದರ ಮೇಲೆ ತಾರೀಖು, ಸಹಿ, ಶಿಕ್ಕಾ. ಅಪೀಲಿಗೆ ಕಾಲು ಮೂಡುವುದೇ ಅಲ್ಲಿಂದ. 'ನಾಳೆ ಬರ್ರಿ' ಎಂದವರಿಗೆ ಅವನ ಉತ್ತರ ಸಿದ್ಧ:

"ಹಿಂದಕ ದೆವ್ವಕ್ಕ ಸೈತ ನಾಳೆ ಬಾ ಅಂತ ಬಾಗ್ಲಾಗ ಬರದ ಇಡತಿದ್ವಿ, ಸಾಹೇಬ್ರ. ನಾವು ಅದಕ್ಕಿಂತ ಕಡಿಮಿ ಏನ್ರಿ? ಬರದ ಕೊಡ್ರಿ."

2011ರ ಸಕಾಲ ಕಾಯ್ದೆ ಅವನಿಗೆ ಬಾಯಿಪಾಠ. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿ ಪರಿಹಾರ, ಹೆಚ್ಚೆಂದರೆ 500. ಯಾವ ಆಯಿಯ ಪಗಾರದ ಮಂಜೂರಿ ತಡವಾದರೂ (ಪಿಂಚಣಿಗೆ ನಮ್ಮ ಕಡೆ ಪಗಾರ ಅಂತಲೇ ಹೆಸರು) ಕ್ಯಾಲೆಂಡರಿನ ಮೇಲೆ ಗೀಟು ಹಾಕುತ್ತ ಹೋಗುತ್ತಾನೆ. ಇಪ್ಪತ್ತೈದನೇ ಗೀಟಿಗೆ ಮುಖ ಸಪ್ಪಗಾಗುತ್ತದೆ. "ಇನ್ನ ಮ್ಯಾಲಿಂದೆಲ್ಲಾ ಸರ್ಕಾರಕ್ಕ ಪುಕ್ಕಟ ನೋಡವಾ!"

2023ರಲ್ಲಿ ಗೃಹಲಕ್ಷ್ಮಿ ಬಂದ ಮೇಲಂತೂ ಫೈಲು ಬಸುರಾಯಿತು. ತಿಂಗಳಿಗೆ 2,000 ರೂಪಾಯಿ. ಆದರೆ ಮನೆಯೊಡತಿಯೋ ಗಂಡನೋ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾಗಿದ್ದರೆ ಇಲ್ಲ. ಕಬ್ಬಿನ ಹೊಲಕ್ಕೆ ಕಸ ತೆಗೆಯಲು ಹೋಗುವ ಒಬ್ಬ ಅಕ್ಕನನ್ನು ಕಂಪ್ಯೂಟರು ಒಂದು ದಿನ ಜಿಎಸ್‌ಟಿ ಸಾಹುಕಾರ್ತಿ ಮಾಡಿಬಿಟ್ಟಿತು. ತೆರಿಗೆ ಕಟ್ಟಿದವರಿಗೆ ರಸೀದಿಯುಂಟು, ಕಟ್ಟದವರಿಗೆ ಯಾರು ಕೊಡಬೇಕು? ಅದೇ ತೆರಿಗೆ ಇಲಾಖೆ! ಅಲ್ಲಿಂದ 'ಈಕೆ ನಮ್ಮವಳಲ್ಲ' ಅನ್ನುವ ಪತ್ರ ತಂದು ಸಿಡಿಪಿಒ ಆಫೀಸಿಗೆ ಮುಟ್ಟಿಸಬೇಕು. ಅಕ್ಕ ಕಣ್ಣೀರು ಹಾಕಿದಳು. ಕಾಕಾನಿಗೆ ಹೋಳಿಗೆ ಉಂಡಂತಾಯಿತು.

ಮರುದಿನ ಇಬ್ಬರೂ ಬಸ್ಸು ಹತ್ತಿದರು. ಕಂಡಕ್ಟರ್ ಅಕ್ಕನಿಗೆ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೀಟು ಹರಿದುಕೊಟ್ಟ. ಅವಳ ಕೆಲಸಕ್ಕೆ ಹೊರಟ ಕಾಕಾ ಮಾತ್ರ ಕಿಸೆ ತಡಕಿ ಚಿಲ್ಲರೆ ಎಣಿಸಿದ.

"ಕಾಕಾ, ನಿಮ್ಮ ಟಿಕೀಟಿನ ರೊಕ್ಕ, ಎರಡ ಸಾವಿರ ಬಂದ ಕೂಡ್ಲೆ ಕೊಡತೇನ್ರಿ."

ಕಾಕಾ ಫೈಲಿನ ದಾರ ಬಿಚ್ಚಿ ಬಿಳಿ ಹಾಳೆ ತೆಗೆದ. ಎರಡನೇ ಪೆನ್ನನ್ನು ಅವಳ ಕೈಗಿಟ್ಟ.

"ಬರದ ಕೊಡವಾ."