ಪನ್ನಾ ಕೊಟ್ಟಾ? ಯಾಂವ ಕೊಟ್ಟಾ?

ಖರೇ ಹೇಳ್ರಿ, ನಿನ್ನೆ ರಾತ್ರಿ ಹನ್ನೊಂದಕ್ಕ ಮೊಬೈಲ್ ಹಿಡ್ಕೊಂಡು ಏನ್ ನೋಡ್ತಿದ್ರಿ? ಬೆಳ್ಳಗಿನ ಕೆನಿ, ಅದರ ಮ್ಯಾಲ ಕೆಂಪನ್ನ ಹಣ್ಣಿನ ರಸ, ಚಮಚಾ ತಾಗಿದ ಕೂಡ್ಲೆ ಥಳಥಳ ಅಲ್ಲಾಡೂದು... ನೋಡಿದ್ರಿ ಹೌದಲ್ರಿ? ಸೇವ್ ಮಾಡಿ ಇಟ್ರಿ ಹೌದಲ್ರಿ? (ನನ್ನ ಮುಂದ ಸುಳ್ಳ ಬ್ಯಾಡ್ರಿ. ಹೋದ ವರ್ಷ ಸೇವ್ ಮಾಡಿದ ತಿರಮಿಸು ಇನ್ನೂ ಅಲ್ಲೇ ಕುಂತೈತಿ.)

ಅದರ ಹೆಸರು ಪನ್ನಾ ಕೊಟ್ಟಾ. ಟಿಳಕವಾಡಿಯ ನಮ್ಮ ಮನ್ಯಾಗ ನಾ ಈ ಹೆಸರ ತಗದಾಗ ನಮ್ಮ ಅತ್ತಿ ಚಷ್ಮಾ ಏರಿಸಿ ಕೇಳಿದ್ರು, “ಯಾಂವ ಕೊಟ್ಟಾ? ಏನ್ ಕೊಟ್ಟಾ? ನಾವೇನ್ ತಿರಗಿ ಕೊಡಬೇಕೇನು?” ಯಾರೂ ಏನೂ ಕೊಟ್ಟಿಲ್ರಿ ಅತ್ತಿ. ಇಟಲಿ ಮಂದಿ ಭಾಷಾದಾಗ ಪನ್ನಾ ಅಂದ್ರ ಕೆನಿ, ಕೊಟ್ಟಾ ಅಂದ್ರ ಬೇಯಿಸಿದ್ದು. ಉತ್ತರ ಇಟಲಿಯ ಪಿಯೆಮೊಂತೆ ಕಡೀದು. ಬೇಯಿಸಿದ ಕೆನಿ, ಅಷ್ಟ.

ನೀವು ಬೆಳಗಾವಿ ಮಂದಿ ಈ ‘ಕೊಟ್ಟಾ’ ಕೇಳಿ ಮೂಗ ಮುರಿಯೂ ಹಂಗಿಲ್ಲ. ಟೆರ್ರಾಕೊಟ್ಟಾ ಅಂತೀರಲ್ಲ, ಅದೂ ಇದ ಕೊಟ್ಟಾನ. ಟೆರ್ರಾ ಅಂದ್ರ ಮಣ್ಣು, ಸುಟ್ಟ ಮಣ್ಣು. ಮಣ್ಣ ಸುಡೂದು ನಮ್ಮ ಖಾನಾಪುರಕ್ಕ ಯಾರು ಕಲಸಬೇಕ್ರಿ? ಹೆಂಚು ಸುಟ್ಟ ಊರದು, ಖಾದಿ ಗ್ರಾಮೋದ್ಯೋಗದವರ ಕುಂಬಾರಿಕಿ ಸಂಸ್ಥಾ ಇರೂ ಊರದು. ಅರ್ಧಾ ಇಟಲಿ 26 ಕಿಲೋಮೀಟರ್ ದೂರದಾಗ ಐತಿ. ಇನ್ನರ್ಧಾ ನಿಮ್ಮ ಹಾಲಿನ ಬೋಗುಣಿಯೊಳಗ ಐತಿ.

ಹಾಲಿನ ಮಾತು ಬಂತಂದ್ರ ನಿಮ್ಮ ಎದಿ ಉಬ್ಬತೈತಿ, ಗೊತ್ತೈತಿ. ದೀಪಾವಳಿ ಪಾಡ್ವಾಕ್ಕ ಎಮ್ಮಿಗೋಳ ಕ್ವಾಡಿಗೆ ಬಣ್ಣಾ ಹಚ್ಚಿ, ಕೊಳ್ಳಾಗ ಹಾರ ಹಾಕಿ ಗವಳಿ ಗಲ್ಲಿಯೊಳಗ ಓಡಸೂ ಊರಿನವರು ನೀವು. ಗಟ್ಟಿ ಎಮ್ಮಿ ಹಾಲು ಕಾಸಿದ್ರ ರೊಟ್ಟಿಯಷ್ಟ ದಪ್ಪ ಕೆನಿ. ಹಿಂಗಿದ್ರೂ ಆ ಕೆನಿ ಯಾರ ಕದ್ದು ತಿಂದ್ರು ಅಂತ ಮುಂಜಾನೆದ್ದು ಜಗಳಾ. (ತಿಂದವರು ನೀವ. ಸಕ್ಕರಿ ಹಚ್ಚಿ, ಅಡಗಿಮನಿ ಲೈಟ್ ಹಚ್ಚದ.)

ನಾ ಮೊದಲ ಸಲ ಮಾಡಿದ್ದು ಹೇಳ್ತೀನಿ, ನಗಬ್ಯಾಡ್ರಿ. ರೆಸಿಪಿಯೊಳಗ ಜಿಲೆಟಿನ್ ಅಂತ ಇತ್ತು, ಕೇಕಿನ ಸಾಮಾನ ಮಾರೂ ಅಂಗಡಿಯಿಂದ ತಂದೆ, ಮಾಡಿದೆ, ರಾತ್ರಿಯೆಲ್ಲಾ ಫ್ರಿಜ್ಜಿನಾಗ ಇಟ್ಟೆ. ಚೊಲೋ ಕುಂತಿತ್ತು! ಮುಂಜಾನೆ ಸ್ಟೀಲ್ ಡಬ್ಬಿಯೊಳಗ ಹಾಕ್ಕೊಂಡು ಖಾನಾಪುರದ ಮಾವಶಿ ಮನಿಗೆ ಬಸ್ ಹತ್ತಿದೆ. ಮೇ ತಿಂಗಳು, ಕಿಟಕಿ ಬಾಜೂ ಸೀಟು, ತೊಡಿ ಮ್ಯಾಲ ಡಬ್ಬಿ.

ಮಾವಶಿ ಡಬ್ಬಿ ತಗದು ನೋಡಿ, “ಲಸ್ಸಿ ತರಾಕ ಬೆಳಗಾವಿಯಿಂದ ಬರಬೇಕಾಗಿತ್ತೇನವ್ವಾ?” ಅಂದ್ಳು. ಜಿಲೆಟಿನ್ ನಮ್ಮ ಮೈ ಬಿಸಿಗಿಂತ ಕಡಿಮಿ ಬಿಸಿಗೇ ಕರಗತೈತ್ರಿ. ಬಾಯಾಗ ಇಟ್ಟ ಕೂಡ್ಲೆ ಕರಗೂದು ಅದಕ. ತೊಡಿ ಮ್ಯಾಲ ಕರಗೂದೂ ಅದಕ. ಆಮ್ಯಾಲ ಮಾವಶಿ ಇನ್ನೊಂದ ಪ್ರಶ್ನಿ ಹಾಕಿದ್ಳು: “ಜಿಲೆಟಿನ್ ಅಂದ್ರ ಏನು?” ದನಾ-ಹಂದಿಯ ತೊಗಲು, ಎಲುಬು ಕುದಿಸಿ ತಗದದ್ದು ಅಂತ ಹೇಳೂದ್ರೊಳಗ ಡಬ್ಬಿ ಹಿತ್ತಲ ದಾಟಿತ್ತು. (ಪಾಕೀಟಿನ ಮ್ಯಾಲ ಹಸರ ಚುಕ್ಕಿ ಐತೋ ಇಲ್ಲೋ ನೋಡಿ ತರ್ರಿ ಅಂತ ನಿಮಗ ಅದಕ ಹೇಳಾಕತ್ತೀನಿ. ಶ್ರಾವಣ ಮಾಡೂ ಮನಿ ನಿಮ್ಮದು.)

ಶಾಕಾಹಾರಿಗೋಳಿಗೆ ದಾರಿ ಐತಿ, ಚೈನಾ ಗ್ರಾಸ್. ಹೆಸರಿನಾಗ ಹುಲ್ಲ ಐತಿ, ಖರೇ ಅಂದ್ರ ಅದು ಸಮುದ್ರದ ಪಾಚಿ. ಸಣ್ಣವರಿದ್ದಾಗ ಅದರ ಹಾಲಿನ ವಡಿ ತಿಂದೀರಿ, ನೆನಪ ಮಾಡ್ಕೋರಿ. ಅದರ ಸ್ವಭಾವ ಜಿಲೆಟಿನ್‌ಗೆ ಪೂರಾ ಉಲ್ಟಾ. ಕುದಿಸದ ಕರಗೂದಿಲ್ಲ, ಒಮ್ಮಿ ಕುಂತ್ರ 85 ಡಿಗ್ರಿ ಬಿಸಿ ಆಗೂತನಕ ಏಳೂದಿಲ್ಲ. ಅಳಿಯಂದ್ರು ಮಾವನ ಮನ್ಯಾಗ ಕುಂತಂಗ. ಬಸ್ಸಿನಾಗ ಒಯ್ದ್ರೂ ಚಿಂತಿ ಇಲ್ಲ.

ಬರ್ಕೋರಿ. ಹಾಲು 250 ಮಿಲಿ, ಕ್ರೀಮ್ 250 ಮಿಲಿ, ಸಕ್ಕರಿ ನಾಲ್ಕ ದೊಡ್ಡ ಚಮಚಾ, ಚೈನಾ ಗ್ರಾಸ್ ಪುಡಿ ಒಂದ ಸಣ್ಣ ಚಮಚಾ ಮಟ್ಟಸ. ಪುಡಿ ತಣ್ಣನ ಹಾಲಿನಾಗ ಕಲಸಿ ಒಲಿ ಮ್ಯಾಲಿಡ್ರಿ, ತಿರುವ್ಕೋತ ಎರಡು-ಮೂರ ಮಿನಿಟು ಚೊಲೋತ್ನ್ಯಾಗ ಕುದಸ್ರಿ. ಸಕ್ಕರಿ ಹಾಕ್ರಿ. ಒಲಿ ಆರಿಸಿ, ಫ್ರಿಜ್ಜಿನಿಂದ ಮೊದಲ ಹೊರಗ ತಗದಿಟ್ಟ ಕ್ರೀಮ್ ಸುರೀರಿ, ಒಂದ ಸಲ ಕಲಸ್ರಿ, ವಾಟಿಗೋಳಿಗೆ ಹಾಕ್ರಿ. ಮುಗೀತು.

“ಇಷ್ಟ ಏನು?” ಅಂದ್ರಿ ಹೌದಲ್ರಿ? ಈಗ ನೋಡ್ರಿ ಮಜಾ. ಇಷ್ಟ ಅನ್ನೂದ ನಿಮಗ ತಡ್ಕೊಳ್ಳಾಕ ಆಗೂದಿಲ್ಲ. ಯಾಕಂದ್ರ ನಿಮ್ಮದು ಕುಂದಾ ಕೈ. ಹಾಲು ಕಂಡ್ರ ತಿರುವಬೇಕು, ತಾಸಗಟ್ಟಲೆ ತಿರುವಬೇಕು, ತಳಾ ಹಿಡಿಯೂತನಕ, ಬಣ್ಣ ಬದ್ಲಾಗೂತನಕ. ಆ ಕೈಗೆ “ಬಿಡು” ಅಂದ್ರ ತಿಳಿಯೂದಿಲ್ಲ.

ನನ್ನ ಎರಡನೇ ಪನ್ನಾ ಕೊಟ್ಟಾ ಹಾಳಾಗಿದ್ದು ಅದರಿಂದ. ಚೈನಾ ಗ್ರಾಸ್ 35-40 ಡಿಗ್ರಿಗೆ ಬಂತಂದ್ರ ಫ್ರಿಜ್ಜಿನ ಹಂಗ ಇಲ್ಲದ ಕಟ್ಟಿಮ್ಯಾಲನ ಗಟ್ಟಿ ಆಗತೈತಿ. ಆಗಾಕತ್ತಿತ್ತು, ನಾ ಸುಮ್ನ ಇರದ “ಆತೇನು?” ಅಂತ ಚಮಚಾ ಹಾಕಿ ತಿರುವಿದೆ. ಕಟ್ಟಾಕತ್ತಿದ್ದ ಮನಿಗೆ ಗುದ್ಲಿ ಹಾಕಿದಂಗಾತು. ಪೂರಾ ಗಡ್ಡಿ ಗಡ್ಡಿ, ಒಡದ ಹಾಲಿನಂಗ. ಅತ್ತಿ ನೋಡಿ ಪ್ರೀತಿಯಿಂದ ಅಂದ್ರು, “ಒಗ್ಗರಣಿ ಹಾಕ್ಲೇನು?”

ನೀವೇನ್ ಕಮ್ಮಿ? ತಾಸಿನಾಗ ಆರ ಸಲ ಫ್ರಿಜ್ ತಗೀತೀರಿ. ಒಂದ್ಸಲ ವಾಟಿ ಅಲ್ಲಾಡಸ್ತೀರಿ, ಒಂದ್ಸಲ ಬಟ್ಟ ಅದ್ದತೀರಿ (ಆ ಕುಣಿ ಮುಚ್ಚಾಕ ಅಲ್ರಿ ಹಣ್ಣು ಮ್ಯಾಲ ಹಾಕೂದು?). ನಡುವ “ಜರಾ ಯಾಲಕ್ಕಿ ಹಾಕೂಣೇನು? ಕೇಸರಿ? ನಾಲ್ಕ ಗೋಡಂಬಿ?” ಇಟಲಿ ಅಂತ ಶುರು ಮಾಡಿ ಶಿರಾದಾಗ ಮುಗಸ್ತೀರಿ. ತಿನ್ನೂಕಿಂತ ಮೊದಲ ಹತ್ತ ಫೋಟೋ, ಸ್ಟೇಟಸ್ಸು. ಆಮ್ಯಾಲ ಹುಬ್ಬಳ್ಳಿ ವೈನಿ ನೋಡಿದ್ರೋ ಇಲ್ಲೋ ಅಂತ ಹತ್ತ ಸಲ ಮೊಬೈಲ್ ನೋಡೂದು.

ಇನ್ನ ಹಣ್ಣಿನ ಮಾತು. “ಸ್ಟ್ರಾಬೆರಿ ಸಿಗವಲ್ದು, ಅದಕ ಮಾಡ್ಲಿಲ್ಲ” ಅನ್ನೂ ನೆವಾ ನನಗ ಬ್ಯಾಡ್ರಿ. ಥಂಡಿ ದಿನದಾಗ ಸ್ಟ್ರಾಬೆರಿ ಡಬ್ಬಿ ಬರ್ತಾವ, ಖರೇ. ಆದ್ರ ಬ್ಯಾಸಗಿಯೊಳಗ ಜಾಂಬೋಟಿ, ಕಣಕುಂಬಿ ಕಡೆ ಅಡವಿಯಿಂದ ಹೆಣ್ಮಕ್ಕಳು ಬುಟ್ಟಿ ತುಂಬ ಕವಳಿ ಹಣ್ಣು ತರ್ತಾರಲ್ಲ, ಅದು ಕಣ್ಣಿಗೆ ಬೀಳೂದಿಲ್ಲೇನು? ಎಲಿ ದ್ವನ್ಯಾಗ ಹಾಕಿ ಕೊಡ್ತಾರ. ಕರೇ ಕರೇ, ಹುಳಿ-ಸಿಹಿ, ತುಟಿಗೆ ಅಂಟೂ ಹಾಲು. ಖಾನಾಪುರದ ಹುಡುಗೋರು ಒಂದ ಹಣ್ಣ ಹಿಡದು “ಕೋಂಬಡಾ ಕಿ ಕೋಂಬಡೀ?” ಅಂತ ಮರಾಠಿಯೊಳಗ ಪಣಾ ಕಟ್ಟಿ ಕಚ್ಚತಾವ. ಒಳಗ ಕೆಂಪಿದ್ರ ಹುಂಜ, ಬೆಳ್ಳಗಿದ್ರ ಕೋಳಿ. ಇಂಥಾ ಆಟಾ ಯಾವ ಸ್ಟ್ರಾಬೆರಿಯೊಳಗ ಐತ್ರಿ?

ಎರಡ ವಾಟಿ ಕವಳಿ ಹಣ್ಣಿಗೆ ಒಂದ ವಾಟಿ ಸಕ್ಕರಿ, ಅರ್ಧ ವಾಟಿ ನೀರು. ಮೆತ್ತಗಾಗೂತನಕ ಕುದಿಸಿ, ಜರಡಿಯೊಳಗ ಹಿಸುಕಿ ಬೀಜಾ ತಗೀರಿ. ಪೂರಾ ಆರಿದ ಮ್ಯಾಲ ಕೆನಿ ಮ್ಯಾಲ ಹಾಕ್ರಿ. ಹುಳಿ ರಸಾ ಹಾಲಿನಾಗ ಕೂಡಿಸಿ ಕುದಿಸಿದ್ರೋ, ಹಾಲು ಒಡದ ಮ್ಯಾಲ ನನಗ ಫೋನ್ ಮಾಡಬ್ಯಾಡ್ರಿ. ಮಳಿ ಬಿದ್ದ ಮ್ಯಾಲ ನೇರಳಿ ಹಣ್ಣಿಗೂ ಇದ ಲೆಕ್ಕ, ಸಕ್ಕರಿ ಮಾತ್ರ ಕಡಿಮಿ.

ಮೂರನೇ ಸಲ ಮಾಡಿದ್ದನ್ನ ಖಾನಾಪುರದ ಮಣ್ಣಿನ ಕುಡಿಕಿಯೊಳಗ ಹಾಕಿ ಮಾವಶಿ ಮುಂದ ಇಟ್ಟೆ. ಒಂದ ಚಮಚಾ ಬಾಯಿಗಿಟ್ಳು. ಕಣ್ಣ ಮುಚ್ಚಿದ್ಳು. ನಾ ಉಸಿರ ಹಿಡ್ಕೊಂಡ ಕುಂತೆ. “ಎಮ್ಮಿ ಯಾವಾಗ ಈಯ್ತು?” ಅಂದ್ಳು. ಗಿಣ್ಣ ಅನ್ಕೊಂಡಿದ್ಳ್ರಿ! (ಬೈಗಳ ಅಲ್ರಿ ಅದು. ನಮ್ಮ ಕಡೆ ಹಾಲಿನ ಪದಾರ್ಥಕ್ಕ ಇದರಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ.)

ಕಡೀಕ ಒಂದ ಮಾತು, ಕಿವಿ ಹತ್ರ ತರ್ರಿ. ನಿಮ್ಮ ಕುಂದಾ ಹೆಂಗ ಹುಟ್ಟಿತು ಅಂತ ಊರಾಗ ಕತಿ ಹೇಳ್ತಾರಲ್ಲ? ಮಾರವಾಡಿ ಮಿಠಾಯಿಯವ ಒಬ್ಬಾಂವ ಒಲಿ ಮ್ಯಾಲ ಹಾಲಿಟ್ಟು ಮರತ ಬಿಟ್ಟ, ಬಂದು ನೋಡೂದ್ರೊಳಗ ಗಟ್ಟಿ ಆಗಿ ಕುಂತಿತ್ತು ಅಂತ. ಅಂದ್ರ ತಿರುವಿ ತಿರುವಿ ಹೆಸರ ಗಳಿಸಿದ ಊರಿಗೆ ಕುಂದಾ ಸಿಕ್ಕಿದ್ದು, ಯಾರೋ ಒಬ್ಬಾಂವ ತಿರುವೂದ ಬಿಟ್ಟಿದ್ದಕ್ಕ! ನಿಮ್ಮ ಕೈಗೂ ಎರಡ ತಾಸು ಸೂಟಿ ಕೊಡ್ರಿ.

ಹೌದೂ, ಇದನ್ನ ಓದ್ಕೋತ ಎಲ್ಲಿ ನಿಂತೀರಿ? ಫ್ರಿಜ್ಜಿನ ಮುಂದ ಹೌದಲ್ರಿ? ಬಾಗಲಾ ಹಾಕ್ರಿ ಮೊದಲ.